ಕೆರೆಯ ಹಸಿರು ಪಾಚಿಗೆ ಭಾರಲೋಹಗಳ ಬಾಧೆ

ಕೆರೆ, ಕಟ್ಟೆ ಮತ್ತು ಕೃಷಿ ಹೊಂಡಗಳಲ್ಲಿ ಬೆಳೆಯುವ ಪಾಚಿ ಎಂದರೆ ರೈತರಿಗೆ ಸಾಮಾನ್ಯವಾಗಿ ಒಂದು ಉಪದ್ರವ. ಪಂಪಿನ ಜಾಲರಿಗೆ ಸುತ್ತಿಕೊಳ್ಳುತ್ತದೆ, ಹನಿ ನೀರಾವರಿಯ ರಂಧ್ರಗಳನ್ನು ಮುಚ್ಚುತ್ತದೆ, ಮೆಟ್ಟಿಲು ಕಲ್ಲುಗಳ ಮೇಲೆ ಬೆಳೆದು ಕಾಲು ಜಾರಿಸುತ್ತದೆ. ಆದ್ದರಿಂದ ಪಾಚಿಯನ್ನು ಕೊಲ್ಲುವುದು ಹೇಗೆ ಎಂದು ಕೇಳುವ ರೈತರು ಬಹಳ. ಪಾಚಿ ಸತ್ತರೆ ಕೆರೆಯ ಗತಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಪಾಚಿಯ ಬಗ್ಗೆ ನಮ್ಮಲ್ಲಿ ಎರಡು ತಪ್ಪು ನಂಬಿಕೆಗಳಿವೆ. ತಿಳಿಯಾದ ನೀರೆಲ್ಲ ಶುದ್ಧ ಎಂಬುದು ಒಂದು. ಪಾಚಿ ಹುಲುಸಾಗಿ ಬೆಳೆದ ನೀರಿನಲ್ಲಿ ವಿಷವಿರಲಾರದು ಎಂಬುದು ಇನ್ನೊಂದು. ತಾಮ್ರ, ಸತು, ಕ್ಯಾಡ್ಮಿಯಂ, ಸೀಸ ಮೊದಲಾದ ಭಾರಲೋಹಗಳು ನೀರಿಗೆ ಸೇರಿದಾಗ ಈ ಎರಡು ನಂಬಿಕೆಗಳೂ ಕೈಕೊಡುತ್ತವೆ. ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಪಾಚಿ ಕೆರೆಯ ಮೊದಲ ಬೆಳೆ

ಹೊಲದಲ್ಲಿ ರಾಗಿ, ಜೋಳ ಇದ್ದಂತೆ ಕೆರೆಯಲ್ಲಿ ಹಸಿರು ಪಾಚಿ. ಇದಕ್ಕೂ ಎಲೆಯಲ್ಲಿರುವಂತಹ ಪತ್ರಹರಿತ್ತು ಇದೆ. ಬಿಸಿಲು, ನೀರು ಮತ್ತು ಇಂಗಾಲಾಮ್ಲದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡು ಹಗಲಿನಲ್ಲಿ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಇದರಲ್ಲಿ ಹಲವು ಬಗೆಗಳುಂಟು. ಕೈಯಲ್ಲಿ ಹಿಡಿದರೆ ಹಸಿರು ರೇಷ್ಮೆಯಂತೆ ನುಣುಪಾಗಿ ಜಾರುವ ಎಳೆಪಾಚಿಯನ್ನು ಸ್ಪೈರೊಗೈರಾ ಎನ್ನುತ್ತಾರೆ. ನೀರಿಗೆಲ್ಲ ತಿಳಿಹಸಿರು ಬಣ್ಣ ಕೊಡುವ ಕ್ಲೋರೆಲ್ಲಾ, ಸೀನೆಡೆಸ್ಮಸ್ ಮುಂತಾದವು ಒಂಟಿ ಕೋಶದ ಅಥವಾ ನಾಲ್ಕಾರು ಕೋಶಗಳ ಜೀವಿಗಳು, ಸೂಕ್ಷ್ಮದರ್ಶಕವಿಲ್ಲದೆ ಕಾಣಿಸವು. ಭತ್ತದ ಗದ್ದೆಗೆ ಜೈವಿಕ ಗೊಬ್ಬರವಾಗಿ ಬಳಸುವ ನೀಲಿ-ಹಸಿರು ಪಾಚಿ ಬೇರೆ ಗುಂಪಿಗೆ ಸೇರಿದ್ದು. ಆದರೆ ತಾಮ್ರದ ಬಾಧೆ ಅದಕ್ಕೂ ತಪ್ಪಿದ್ದಲ್ಲ.

ಈ ಸೂಕ್ಷ್ಮ ಪಾಚಿಯನ್ನು ನೀರಿನ ಚಿಕ್ಕ ಹುಳುಗಳು ತಿನ್ನುತ್ತವೆ. ಆ ಹುಳುಗಳನ್ನು ಕಾಟ್ಲಾ ಮತ್ತು ಎಲ್ಲ ಮೀನುಮರಿಗಳು ತಿನ್ನುತ್ತವೆ. ಬೆಳ್ಳಿಗೆಂಡೆ ಮೀನು ಪಾಚಿಯನ್ನೇ ನೇರವಾಗಿ ಸೋಸಿ ತಿನ್ನುತ್ತದೆ. ಹೀಗೆ ಕೆರೆಯ ಮೀನಿನ ಇಳುವರಿ ಪಾಚಿಯ ಇಳುವರಿಯನ್ನು ಅವಲಂಬಿಸಿದೆ. ಮೇವಿಲ್ಲದ ಊರಿನಲ್ಲಿ ಹಾಲು ಕರೆಯಲಾಗದಂತೆ ಪಾಚಿ ಸೊರಗಿದ ಕೆರೆಯಲ್ಲಿ ಮೀನು ಬೆಳೆಯಲಾಗದು.

ಲೋಹ ಬರುವುದು ಎಲ್ಲಿಂದ?

ಭಾರಲೋಹಗಳೆಲ್ಲವೂ ಎಲ್ಲ ಪ್ರಮಾಣದಲ್ಲೂ ವಿಷವಲ್ಲ. ತಾಮ್ರ ಮತ್ತು ಸತು ಬೆಳೆಗೂ ಬೇಕು, ಪಾಚಿಗೂ ಬೇಕು. ಸತುವಿನ ಕೊರತೆಯಿರುವ ಭತ್ತದ ಗದ್ದೆಗೆ ನಾವೇ ಸತುವಿನ ಸಲ್ಫೇಟ್ ಹಾಕುತ್ತೇವಲ್ಲವೇ? ಅಗತ್ಯಕ್ಕಿಂತ ಹೆಚ್ಚಾದಾಗ ಇವೇ ವಿಷವಾಗುತ್ತವೆ. ಕ್ಯಾಡ್ಮಿಯಂ, ಸೀಸ, ಪಾದರಸಗಳಿಂದಾದರೋ ಬೆಳೆಗೆ ಯಾವ ಉಪಯೋಗವೂ ಇಲ್ಲ.

ಲೋಹ ಲೇಪನದ ಕಾರ್ಖಾನೆಗಳು, ಬ್ಯಾಟರಿ ಕೆಲಸ, ಬಣ್ಣದ ತಯಾರಿಕೆ, ಚರ್ಮ ಹದಮಾಡುವ ಉದ್ಯಮ ಮತ್ತು ನಗರದ ಚರಂಡಿ ಇವು ಮುಖ್ಯ ಮೂಲಗಳು. ನಮ್ಮ ರಾಜ್ಯದಲ್ಲಿ ಇದಕ್ಕೆ ತಿಳಿದ ಉದಾಹರಣೆ ವೃಷಭಾವತಿ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರು ಹಾಗೂ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ಹೊಲಸು ಈ ಹೊಳೆಗೆ ಸೇರಿ, ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡುತ್ತದೆ.

ಆದರೆ ಎಲ್ಲ ತಪ್ಪನ್ನೂ ಪೇಟೆಯ ಮೇಲೆ ಹೊರಿಸುವಂತಿಲ್ಲ. ಮಲೆನಾಡಿನ ಅಡಿಕೆ ತೋಟಗಳನ್ನು ನೋಡಿ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗದ ಅಧ್ಯಯನ ನಡೆಸಿ ಬೋರ್ಡೊ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಅಂದಿನಿಂದ ಇಂದಿನವರೆಗೆ ತೋಟ ಉಳಿದಿರುವುದರಲ್ಲಿ ಈ ದ್ರಾವಣದ ಪಾಲು ದೊಡ್ಡದು. ಆದರೆ ವರ್ಷಾನುವರ್ಷ ಸಿಂಪಡಿಸಿದ ತಾಮ್ರ ಎಲ್ಲಿಗೂ ಮಾಯವಾಗುವುದಿಲ್ಲ. ಬಹುಪಾಲು ಮೇಲ್ಮಣ್ಣಿನಲ್ಲಿ ನಿಲ್ಲುತ್ತದೆ. ಮಣ್ಣು ಕೊಚ್ಚಿದಾಗ ಅದರೊಂದಿಗೆ ಹಳ್ಳಕ್ಕೆ ಇಳಿಯುತ್ತದೆ. ಶಿಲಾರಂಜಕದಿಂದ ತಯಾರಾದ ರಸಗೊಬ್ಬರಗಳಲ್ಲಿಯೂ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಹಬ್ಬದ ನಂತರ ಕೆರೆಗೆ ಬಿಡುವ ಬಣ್ಣದ ಮೂರ್ತಿಗಳ ಲೇಪನದಲ್ಲಿ ಸೀಸ, ಕ್ರೋಮಿಯಂ ಇರುವುದುಂಟು.

ಪಾಚಿಗೆ ಆಗುವ ಹಾನಿ

ಅತ್ಯಲ್ಪ ಲೋಹವೂ ಪಾಚಿಯನ್ನು ಕೊಲ್ಲಬಲ್ಲದೆಂಬುದು ಹಳೆಯ ತಿಳಿವಳಿಕೆ. ಸ್ವಿಟ್ಸರ್ಲೆಂಡಿನ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಅವರು ತಾಮ್ರದ ನಾಣ್ಯಗಳನ್ನು ಇಟ್ಟಿದ್ದ ನೀರಿನಲ್ಲಿ ಸ್ಪೈರೊಗೈರಾ ಸಾಯುವುದನ್ನು ಗಮನಿಸಿದರು. ಅವರ ಈ ಕೆಲಸ ಅವರು ತೀರಿಕೊಂಡ ಮೇಲೆ, 1893ರಲ್ಲಿ ಪ್ರಕಟವಾಯಿತು. ಇದನ್ನೇ ಹಿಡಿದು ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಅವರು ಜಲಾಶಯಗಳ ಪಾಚಿಯನ್ನು ಮೈಲುತುತ್ತದಿಂದ ಕೊಲ್ಲುವ ವಿಧಾನವನ್ನು 1904ರಲ್ಲಿ ಪ್ರಕಟಿಸಿದರು.

ಹಾನಿ ನಡೆಯುವ ಬಗೆ ಹೀಗಿದೆ. ಪಾಚಿಯ ಕೋಶದ ಹೊರಗೋಡೆಯಲ್ಲಿ ಲೋಹವನ್ನು ಹಿಡಿದುಕೊಳ್ಳುವ ಗುಣವಿದೆ. ಆದ್ದರಿಂದ ಲೋಹ ಮೊದಲು ಗೋಡೆಗೆ ಅಂಟುತ್ತದೆ. ಇದಕ್ಕೆ ಕೆಲವು ನಿಮಿಷಗಳು ಸಾಕು. ಬಳಿಕ ಪೋಷಕಾಂಶಗಳು ಒಳಹೋಗುವ ದಾರಿಯಲ್ಲೇ ನಿಧಾನವಾಗಿ ಒಳಗೆ ಸೇರುತ್ತದೆ. ಸತು, ಕಬ್ಬಿಣಗಳಿಗಾಗಿ ಇರುವ ಬಾಗಿಲಿನಲ್ಲಿ ಕ್ಯಾಡ್ಮಿಯಂ ನುಸುಳುತ್ತದೆ. ಗಂಧಕದ ಬಾಗಿಲಿನಲ್ಲಿ ಕ್ರೋಮಿಯಂ ನುಸುಳುತ್ತದೆ.

ಒಳಗೆ ಸೇರಿದ ಲೋಹ ಮೂರು ಕಡೆ ಕೆಡುಕು ಮಾಡುತ್ತದೆ. ಮೊದಲನೆಯದಾಗಿ, ಪತ್ರಹರಿತ್ತಿನ ನಡುವೆ ಇರುವ ಮೆಗ್ನೀಸಿಯಂ ಅನ್ನು ಹೊರದೂಡಿ ಆ ಸ್ಥಳದಲ್ಲಿ ತಾನು ಕೂರುತ್ತದೆ. ಹೀಗಾದ ಪತ್ರಹರಿತ್ತು ನೋಡಲು ಹಸಿರಾಗಿದ್ದರೂ ಬಿಸಿಲನ್ನು ಆಹಾರವಾಗಿ ಮಾರ್ಪಡಿಸಲಾರದು. ಎರಡನೆಯದಾಗಿ, ಜೀವರಸದ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಲ್ಲಿಸುತ್ತದೆ. ಮೂರನೆಯದಾಗಿ, ತಾಮ್ರದಂತಹ ಲೋಹಗಳಿಂದ ಉಗ್ರ ರೂಪದ ಆಮ್ಲಜನಕ ಹುಟ್ಟಿ ಕೋಶದ ಪೊರೆಯನ್ನು ಸುಡುತ್ತದೆ. ಪೊರೆ ಹರಿದು ಒಳಗಿನ ಪೊಟ್ಯಾಷ್ ಸೋರಿಹೋಗುತ್ತದೆ. ಕೋಶಗಳು ಉಬ್ಬಿ ವಿಕಾರವಾಗುತ್ತವೆ, ವಿಭಜನೆ ನಿಲ್ಲುತ್ತದೆ.

ಪಾಚಿಯೂ ಸುಮ್ಮನೆ ಸೋಲುವುದಿಲ್ಲ. ಲೋಳೆಯನ್ನು ಸ್ರವಿಸಿ ಲೋಹವನ್ನು ಹೊರಗೇ ಕಟ್ಟಿಹಾಕುತ್ತದೆ. ಒಳಗೆ ಬಂದ ಲೋಹವನ್ನು ಗಂಧಕವುಳ್ಳ ಸಣ್ಣ ಸಸಾರಜನಕ ವಸ್ತುಗಳಿಂದ ಸುತ್ತಿ ಒಂದು ಮೂಲೆಯಲ್ಲಿ ಕೂಡಿಡುತ್ತದೆ. ಆದರೆ ಬೆಳವಣಿಗೆಗೆ ಹೋಗಬೇಕಾದ ಶಕ್ತಿ ಈ ರಕ್ಷಣೆಗೆ ಖರ್ಚಾಗುತ್ತದೆ.

ಬೆಳೆಗೆ ಸೈ, ಪಾಚಿಗೆ ಅಲ್ಲ

ಹಾನಿಯನ್ನು ಅಳೆಯಲು ಪ್ರಯೋಗಶಾಲೆಗಳಲ್ಲಿ ಒಂದು ಸರಳ ಪರೀಕ್ಷೆಯಿದೆ. ನಾರ್ವೆ ದೇಶದ ನಿಟೆಲ್ವಾ ನದಿಯಿಂದ 1959ರಲ್ಲಿ ಬೇರ್ಪಡಿಸಿದ ಒಂದು ಹಸಿರು ಪಾಚಿಯನ್ನು ಇಂದಿಗೂ ಲೋಕದಾದ್ಯಂತ ಇದಕ್ಕೆ ಬಳಸುತ್ತಾರೆ. ಪರೀಕ್ಷಿಸಬೇಕಾದ ನೀರಿನಲ್ಲಿ ಪಾಚಿಯನ್ನು 72 ಗಂಟೆ ಬೆಳೆಸಿ ಕೋಶಗಳನ್ನು ಎಣಿಸುತ್ತಾರೆ. ಜೊತೆಗೆ ವಿಷವಿಲ್ಲದ ನೀರಿನಲ್ಲೂ ಬೆಳೆಸುತ್ತಾರೆ. ಅಲ್ಲಿ ಪಾಚಿ ಈ ಮೂರು ದಿನಗಳಲ್ಲಿ ಕನಿಷ್ಠ 16 ಪಟ್ಟು ಹೆಚ್ಚಬೇಕು. ಬೆಳವಣಿಗೆಯ ವೇಗ ಅರ್ಧಕ್ಕೆ ಇಳಿದರೆ 16 ಪಟ್ಟಿನ ಬದಲು ಕೇವಲ 4 ಪಟ್ಟು ಆಗುತ್ತದೆ. ಅಂದರೆ ಪಾಚಿ ಸಾಯದೆ ಇದ್ದರೂ ಮೀನಿಗೆ ಸಿಗುವ ಮೇವು ಮೂರೇ ದಿನಗಳಲ್ಲಿ ಕಾಲು ಭಾಗಕ್ಕೆ ಇಳಿದಂತಾಯಿತು.

ಈಗ ಅಂಕಿಗಳನ್ನು ಹೋಲಿಸಿ ನೋಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪ್ರಕಟಿಸಿದ ನೀರಾವರಿ ಮಿತಿಗಳ ಪ್ರಕಾರ, ಸತತವಾಗಿ ಹಾಯಿಸುವ ನೀರಿನಲ್ಲಿ ಲೀಟರಿಗೆ ತಾಮ್ರ 0.2 ಮಿಲಿಗ್ರಾಂ, ಸತು 2 ಮಿಲಿಗ್ರಾಂ, ಕ್ಯಾಡ್ಮಿಯಂ 0.01 ಮಿಲಿಗ್ರಾಂ, ಸೀಸ 5 ಮಿಲಿಗ್ರಾಂ ಮೀರಬಾರದು. ಆದರೆ ಮೃದು ನೀರಿನಲ್ಲಿ 0.05 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ತಾಮ್ರವೇ ಹಲವು ಹಸಿರು ಪಾಚಿಗಳ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು. ಕುಡಿಯುವ ನೀರಿಗೆ 2012ರ ಭಾರತೀಯ ಮಾನಕದಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ನೀರಾವರಿಯ ಮಿತಿ ಇದರ 500 ಪಟ್ಟು! ಕಾರಣ ಸ್ಪಷ್ಟ. ನೀರಾವರಿಯ ಮಿತಿಯನ್ನು ಹಾಕಿರುವುದು ಬೆಳೆಯನ್ನೂ ಮಣ್ಣನ್ನೂ ಗಮನದಲ್ಲಿಟ್ಟು. ಆದ್ದರಿಂದ "ನೀರು ಬೆಳೆಗೆ ಯೋಗ್ಯ" ಎಂಬ ವರದಿಯನ್ನು ಮೀನಿಗೂ ದನಕರುಗಳಿಗೂ ಮನೆಯ ಬಳಕೆಗೂ ಯೋಗ್ಯ ಎಂದು ತಿಳಿಯಬಾರದು.

ನೀರಿನ ಗುಣದಂತೆ ಹಾನಿ

ಅಷ್ಟೇ ಲೋಹ ಎಲ್ಲ ನೀರಿನಲ್ಲೂ ಅಷ್ಟೇ ಹಾನಿ ಮಾಡುವುದಿಲ್ಲ. ನೀರಿನಲ್ಲಿ ಬಿಡಿಯಾಗಿ ಕರಗಿರುವ ಲೋಹವೇ ಹೆಚ್ಚು ವಿಷಕಾರಿ. ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಅಂಶಗಳು ಲೋಹದೊಡನೆ ಪೈಪೋಟಿ ನಡೆಸಿ ಪಾಚಿಯನ್ನು ಸ್ವಲ್ಪಮಟ್ಟಿಗೆ ಕಾಪಾಡುತ್ತವೆ. ಕ್ಷಾರ ಹೆಚ್ಚಿದ್ದಲ್ಲಿ ತಾಮ್ರ, ಸೀಸಗಳು ಗಟ್ಟಿಯಾಗಿ ತಳಕ್ಕಿಳಿಯುತ್ತವೆ. ಕೊಳೆತ ಎಲೆಗಳ ಕಂದು ಬಣ್ಣದ ರಸವೂ ತಾಮ್ರವನ್ನು ಹಿಡಿದಿಡುತ್ತದೆ. ಮಲೆನಾಡಿನ ಹಳ್ಳಗಳ ಮೃದುವಾದ, ತುಸು ಹುಳಿಯಾದ ತಿಳಿನೀರಿನಲ್ಲಿ ಈ ರಕ್ಷಣೆ ಕಡಿಮೆ. ತಾಮ್ರದ ಸಿಂಪರಣೆ ಹೆಚ್ಚು ನಡೆಯುವುದೂ ಅಲ್ಲಿಯೇ ಎಂಬುದನ್ನು ತೋಟಗಾರರು ನೆನಪಿಡತಕ್ಕದ್ದು.

ಹಸಿರು ಕೆರೆಯೂ ಮೋಸಮಾಡೀತು

ಲೋಹವಿದ್ದರೆ ಪಾಚಿ ಸಾಯುತ್ತದೆ ಎಂದಾದರೆ ಪಾಚಿಯಿರುವ ಕೆರೆಯಲ್ಲಿ ಲೋಹವಿಲ್ಲವೆಂದು ಹೇಳಬಹುದೇ? ಹೇಳಲಾಗದು. ಇದಕ್ಕೆ ಎರಡು ಕಾರಣಗಳಿವೆ.

ಒಂದನೆಯದು, ಎಲ್ಲ ಪಾಚಿಗಳೂ ಸಮಾನ ದುರ್ಬಲವಲ್ಲ. ನಾಜೂಕಾದ ಬಗೆಗಳು ಹೋದ ಜಾಗದಲ್ಲಿ ಸಹಿಸುವ ಬಗೆಗಳು ಹರಡುತ್ತವೆ. ಸ್ಟೈಜಿಯೊಕ್ಲೋನಿಯಂ ಎಂಬ ಕವಲೆಳೆಯ ಹಸಿರು ಪಾಚಿ ಸತುವಿನಿಂದ ಕೆಟ್ಟ ತೊರೆಗಳಲ್ಲಿಯೂ ಬೆಳೆಯುವುದಕ್ಕೆ ಹೆಸರಾಗಿದೆ. ಕಳೆನಾಶಕ ಹೊಡೆದ ಹೊಲದಲ್ಲಿ ಅದನ್ನು ತಡೆಯುವ ಕಳೆಯೊಂದೇ ಉಳಿದು ಹೊಲವೆಲ್ಲ ತುಂಬುವುದಿಲ್ಲವೇ, ಹಾಗೆ.

ಎರಡನೆಯದು, ಚರಂಡಿ ನೀರಿನಲ್ಲಿ ಲೋಹದ ಜೊತೆಗೆ ಸಾರಜನಕ, ರಂಜಕಗಳೂ ಧಾರಾಳವಾಗಿರುತ್ತವೆ. ಲೋಹವನ್ನು ಹಿಡಿದಿಡುವ ಸಾವಯವ ವಸ್ತುವೂ ಇರುತ್ತದೆ. ಗೊಬ್ಬರ ಬೆಳೆಸುವಷ್ಟು ವೇಗವಾಗಿ ಲೋಹ ಕೊಲ್ಲುವುದಿಲ್ಲ. ಆಗ ಕೆರೆ ಹಚ್ಚಹಸಿರಾಗಿ ಕಾಣುತ್ತದೆ, ಆದರೆ ಆ ಹಸಿರಿನ ಮೈಯಲ್ಲಿ ಲೋಹ ತುಂಬಿರುತ್ತದೆ. ಸುತ್ತಲಿನ ನೀರಿಗಿಂತ ನೂರಾರು ಪಟ್ಟು, ಕೆಲವು ಸಲ ಸಾವಿರಾರು ಪಟ್ಟು ಹೆಚ್ಚು ಲೋಹವನ್ನು ಪಾಚಿ ಮೈಗೂಡಿಸಿಕೊಳ್ಳಬಲ್ಲದು. ಅದನ್ನು ತಿಂದ ಹುಳುವಿಗೂ ಮೀನಿಗೂ ಅದರ ಪಾಲು ಸಿಗುತ್ತದೆ. ಮೀನಿನ ಯಕೃತ್ತು, ಮೂತ್ರಪಿಂಡ ಮತ್ತು ಕಿವಿರುಗಳಲ್ಲಿ ಮಾಂಸಕ್ಕಿಂತ ಹೆಚ್ಚು ಕ್ಯಾಡ್ಮಿಯಂ, ಸೀಸ ನಿಲ್ಲುತ್ತವೆ. ಪಾದರಸ ಮಾತ್ರ ಮಾಂಸದಲ್ಲೂ ಕೂಡಿಕೊಂಡು ಮೀನಿನಿಂದ ಮೀನಿಗೆ ಹೆಚ್ಚುತ್ತಾ ಹೋಗುತ್ತದೆ.

ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಅಂತರ್ಜಲ ಮರುಪೂರಣಕ್ಕೆಂದು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಇಂತಹ ನೀರು ತುಂಬುವ ಕೆರೆಗಳ ಬಯಲಿನ ರೈತರು ನೀರಿನ ಬಣ್ಣ ನೋಡಿ ಒಳ್ಳೆಯದೆಂದೋ ಕೆಟ್ಟದೆಂದೋ ತೀರ್ಮಾನಿಸದೆ ಪರೀಕ್ಷೆಯ ವರದಿಯನ್ನೇ ನಂಬುವುದು ಕ್ಷೇಮ.

ಕೊನೆಗೆ ಲೋಹ ನಿಲ್ಲುವುದು ಹೂಳಿನಲ್ಲಿ

ಕೀಟನಾಶಕಗಳಲ್ಲಿ ಅನೇಕವು ಕಾಲಕ್ರಮೇಣ ಒಡೆದು ಕರಗುತ್ತವೆ. ಲೋಹ ಒಡೆಯುವುದಿಲ್ಲ. ಪಾಚಿ ಸತ್ತಾಗ ಅದರ ಮೈಯಲ್ಲಿದ್ದ ಲೋಹ ತಳಕ್ಕೆ ಇಳಿದು ಹೂಳಿಗೆ ಸೇರುತ್ತದೆ. ಗಾಳಿಯಿಲ್ಲದ ಕಪ್ಪು ಹೂಳಿನಲ್ಲಿ ಅದು ಗಂಧಕದೊಡನೆ ಕೂಡಿ ಬಹುಮಟ್ಟಿಗೆ ನಿಶ್ಚಲವಾಗಿರುತ್ತದೆ.

ಆದರೆ ನಾವು ಬೇಸಿಗೆಯಲ್ಲಿ ಕೆರೆಯ ಗೋಡನ್ನು ತೆಗೆದು ಹೊಲಕ್ಕೆ ಹೊಡೆಯುತ್ತೇವೆ. ಇದು ನಮ್ಮ ಹಿರಿಯರಿಂದ ಬಂದ ಒಳ್ಳೆಯ ಪದ್ಧತಿ. ಮಳೆಯ ನೀರಿನಿಂದ ತುಂಬುವ ಹಳ್ಳಿಯ ಕೆರೆಯ ಗೋಡು ಮಣ್ಣಿಗೆ ಜೀವ ಕೊಡುತ್ತದೆ, ಅದನ್ನು ಬಿಡಬೇಕಾಗಿಲ್ಲ. ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಮಾತು ಬೇರೆ. ಅಂತಹ ಹೂಳನ್ನು ಹೊಲದಲ್ಲಿ ಹರಡಿದಾಗ ಗಾಳಿ ತಗಲಿ ಕಟ್ಟು ಬಿಚ್ಚಿ ಲೋಹ ಮತ್ತೆ ಕರಗುತ್ತದೆ. ಹುಳಿ ಮಣ್ಣಿನಲ್ಲಿ ಇನ್ನೂ ಹೆಚ್ಚು. ಒಮ್ಮೆ ಮಣ್ಣಿಗೆ ಸೇರಿದರೆ ನಮ್ಮ ಕಾಲದಲ್ಲಿ ಅದನ್ನು ಹೊರತೆಗೆಯುವ ಸುಲಭ ಉಪಾಯವಿಲ್ಲ.

ನೀರಿನ ಲೋಹ ಅನ್ನಕ್ಕೆ ಬಂದುದರ ಪರಿಣಾಮವನ್ನು ಜಪಾನ್ ದೇಶ ಕಂಡಿದೆ. ಅಲ್ಲಿಯ ಟೊಯಾಮಾ ಪ್ರಾಂತದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿ, ಕಾಲುವೆಯ ಮೂಲಕ ಭತ್ತದ ಗದ್ದೆಗೆ ಹರಿದು, ಅಕ್ಕಿಯ ಮೂಲಕ ಜನರ ದೇಹ ಸೇರಿತು. ಮೂಳೆಗಳು ಮೆತ್ತಗಾಗಿ ಮುರಿಯುವ ನೋವಿನ ರೋಗ ಬಂತು. ಇದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿಯ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಆ ರೈತರ ಗದ್ದೆಯ ಭತ್ತ ನೋಡಲು ಭತ್ತದಂತೆಯೇ ಇತ್ತು.

ಮೈಲುತುತ್ತ ಹಾಕುವ ಮುನ್ನ ಈ ಲೆಕ್ಕ ನೋಡಿ

ಹೊಂಡದ ಪಾಚಿಗೆ ಮೈಲುತುತ್ತ ಹಾಕುವುದು ಸುಲಭವೆಂದು ಕೆಲವರು ಒಂದೆರಡು ಹಿಡಿ ಎರಚುತ್ತಾರೆ. ಉದ್ದ 10 ಮೀಟರ್, ಅಗಲ 10 ಮೀಟರ್, ಆಳ 3 ಮೀಟರ್ ಇರುವ ಹೊಂಡ ನೇರ ಗೋಡೆಯದಾಗಿದ್ದರೆ ತುಂಬಿದಾಗ 3 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಇಳಿಜಾರು ಗೋಡೆಯಾದರೆ ಇನ್ನೂ ಕಡಿಮೆ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಇದನ್ನು 3 ಲಕ್ಷ ಲೀಟರಿಗೆ ಹಾಕಿದರೆ ಲೀಟರಿಗೆ 0.8 ಮಿಲಿಗ್ರಾಂ ಮೀರುತ್ತದೆ. ಇದು ನೀರಾವರಿಯ ಮಿತಿಯ ನಾಲ್ಕು ಪಟ್ಟು!

ಪಾಚಿ ಸಾಯುವುದೇನೋ ನಿಜ. ಆದರೆ ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಕುಡಿದುಬಿಡುತ್ತದೆ. ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ಮೇಲೆ ಬಂದು ಸಾಯುವುದು ಇದರಿಂದ. ತಾಮ್ರವು ಹೂಳಿನಲ್ಲಿ ಉಳಿಯುತ್ತದೆ. ಮಳೆಯೊಡನೆ ಹೊಸ ಪಾಚಿ ಬರುತ್ತದೆ. ಮತ್ತೆ ಮೈಲುತುತ್ತ ಬೇಕಾಗುತ್ತದೆ.

ಬೋರ್ಡೊ ದ್ರಾವಣದ ಲೆಕ್ಕವೂ ಇದೇ. ಶೇಕಡಾ 1ರ ದ್ರಾವಣದ ಒಂದು ಲೀಟರಿನಲ್ಲಿ 2,500 ಮಿಲಿಗ್ರಾಂ ತಾಮ್ರವಿರುತ್ತದೆ. ಉಳಿದ 10 ಲೀಟರನ್ನು ಹಳ್ಳಕ್ಕೆ ಸುರಿದರೆ ಅದರ ತಾಮ್ರ 1.25 ಲಕ್ಷ ಲೀಟರ್ ನೀರನ್ನು 0.2 ಮಿಲಿಗ್ರಾಂ ಮಿತಿಗೆ ತರುವಷ್ಟಾಗುತ್ತದೆ. ಸುಣ್ಣದೊಡನೆ ಕೂಡಿದ ತಾಮ್ರ ಒಮ್ಮೆಲೇ ಕರಗದಿದ್ದರೂ ನಿಧಾನವಾಗಿ ಬಿಡುಗಡೆಯಾಗುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಮೀನು ಸಾಕುವ, ದನಕರು ಕುಡಿಯುವ ಹೊಂಡ-ಕೆರೆಗಳಿಗೆ ಮೈಲುತುತ್ತ ಹಾಕಬೇಡಿ. ಎಳೆಪಾಚಿಯನ್ನು ಬಿದಿರಿನ ಕುಂಟೆ ಅಥವಾ ಬಲೆಯಿಂದ ಭಾಗ ಭಾಗವಾಗಿ ಎಳೆದು ತೆಗೆಯಿರಿ. ಸಗಣಿ ನೀರು ಮತ್ತು ರಸಗೊಬ್ಬರದ ನೀರು ಹೊಂಡಕ್ಕೆ ಹರಿಯದಂತೆ ಬದು ಹಾಕಿ. ಮೇವು ತಪ್ಪಿದರೆ ಪಾಚಿ ತಾನೇ ಕಡಿಮೆಯಾಗುತ್ತದೆ.

2. ಬೋರ್ಡೊ ದ್ರಾವಣವನ್ನು ಅಂದಿಗೆ ಬೇಕಾದಷ್ಟೇ ತಯಾರಿಸಿ. ಉಳಿದದ್ದನ್ನೂ ಡ್ರಮ್ಮು, ಪಂಪು ತೊಳೆದ ನೀರನ್ನೂ ಹಳ್ಳಕ್ಕೆ ಬಿಡದೆ ತೋಟದೊಳಗೇ ತೆಳುವಾಗಿ ಹಂಚಿ. ತೋಟದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬೆಳೆಸಿದರೆ ಕೊಚ್ಚುವ ಮಣ್ಣು, ಅದರೊಡನೆ ತಾಮ್ರ, ಅಲ್ಲೇ ನಿಲ್ಲುತ್ತದೆ.

3. ಕೆರೆಗೆ ನೀರು ಬರುವ ಬಾಯಿಯನ್ನು ಆಗಾಗ ನೋಡಿ. ಬೇರೆಡೆ ಕಲ್ಲುಗಳ ಮೇಲೆ ಹಾವಸೆ ಇದ್ದು, ಚರಂಡಿಯ ಬಾಯಿಯಲ್ಲಿ ಮಾತ್ರ ಕಲ್ಲುಗಳು ಬೋಳಾಗಿದ್ದರೆ ಅನುಮಾನಪಡಿ. ಆಮ್ಲ, ಎಣ್ಣೆಗಳಿಂದಲೂ ಹೀಗಾಗಬಹುದು. ಆದ್ದರಿಂದ ಇದು ಪರೀಕ್ಷೆ ಮಾಡಿಸಲು ಒಂದು ಸೂಚನೆ ಮಾತ್ರ.

4. ಪರೀಕ್ಷೆಗೆ ನೀರನ್ನು ಲೋಹದ ಪಾತ್ರೆಯಲ್ಲಿ ತೆಗೆಯಬಾರದು. ಪ್ರಯೋಗಶಾಲೆಯವರು ಕೊಡುವ ಪ್ಲಾಸ್ಟಿಕ್ ಸೀಸೆಯಲ್ಲಿಯೇ, ಅವರು ಹೇಳಿದಂತೆ ತುಂಬಿ, ಸ್ಥಳ ಮತ್ತು ದಿನಾಂಕ ಬರೆದು ತಡಮಾಡದೆ ತಲುಪಿಸಿ. ಭಾರಲೋಹಗಳ ಪರೀಕ್ಷೆ ಬೇಕೆಂದು ಸ್ಪಷ್ಟವಾಗಿ ಕೇಳಿ. ಮಾಮೂಲು ನೀರಾವರಿ ಪರೀಕ್ಷೆಯಲ್ಲಿ ಉಪ್ಪು ಮತ್ತು ರಸಸಾರ ಮಾತ್ರ ನೋಡುತ್ತಾರೆ.

5. ಚರಂಡಿ ಅಥವಾ ಕಾರ್ಖಾನೆ ನೀರು ಸೇರುವ ಕೆರೆಯ ಹೂಳನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ಹೊಡೆಯಬೇಡಿ. ಹತ್ತಾರು ಕಡೆಯ ಹೂಳನ್ನು ಮರದ ಅಥವಾ ಪ್ಲಾಸ್ಟಿಕ್ ಸಲಕರಣೆಯಿಂದ ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಮಾದರಿ ಕಳಿಸಿ. ಇಂತಹ ಕೆರೆಯ ಪಾಚಿಯನ್ನು ಕಾಂಪೋಸ್ಟಿಗೂ, ಕೋಳಿ-ಬಾತುಗಳ ಮೇವಿಗೂ ಬಳಸಬಾರದು.

6. ಲೋಹವಿರುವ ನೀರು ಅನಿವಾರ್ಯವಾದಲ್ಲಿ ಪಾಲಕ್, ದಂಟು, ಕೊತ್ತಂಬರಿಯಂತಹ ಸೊಪ್ಪುಗಳನ್ನು ಬೆಳೆಯಬೇಡಿ. ಎಲೆಗಳಲ್ಲಿ ಕ್ಯಾಡ್ಮಿಯಂ ಹೆಚ್ಚು ಸೇರುತ್ತದೆ. ಹೂವಿನ ಬೆಳೆ ಅಥವಾ ಮರಮುಟ್ಟಿನ ಗಿಡಗಳು ಮೇಲು. ಹುಳಿ ಮಣ್ಣಿಗೆ ಕೃಷಿ ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಹಾಕಿದರೆ ಕ್ಯಾಡ್ಮಿಯಂ, ಸತುಗಳನ್ನು ಬೆಳೆ ಹೀರುವುದು ಕಡಿಮೆಯಾಗುತ್ತದೆ. ಆದರೆ ಲೋಹ ಮಣ್ಣಿನಲ್ಲೇ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು.

7. ಹಳೆಯ ಬ್ಯಾಟರಿ, ಬಣ್ಣದ ಡಬ್ಬಿಗಳನ್ನು ಕೆರೆಯ ಅಂಗಳದಲ್ಲಿ ಎಸೆಯಬೇಡಿ. ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನೇ ಬಳಸಿ.

8. ಕೆರೆಗೆ ಹೊಲಸು ಬಿಡುವುದು ಕಂಡರೆ ಒಬ್ಬರೇ ದೂರುವುದಕ್ಕಿಂತ ಗ್ರಾಮ ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ದಿನ, ವೇಳೆ, ನೀರಿನ ಬಣ್ಣ, ವಾಸನೆಗಳನ್ನು ಬರೆದಿಡಿ. ಪರೀಕ್ಷೆಯ ವರದಿಯಿದ್ದರೆ ಲಗತ್ತಿಸಿ.

ರೈತ ಬಾಂಧವರೇ, ಕೆರೆಗೆ ಸೇರಿದ ಲೋಹದ ಹೊಡೆತವನ್ನು ಮೊದಲು ತಿನ್ನುವುದು ಪಾಚಿ; ಅದನ್ನು ಮೊದಲು ಹೊತ್ತು ಮುಂದಕ್ಕೆ ಸಾಗಿಸುವುದೂ ಪಾಚಿಯೇ. ನೀರು ತಿಳಿಯಾಗಿದೆಯೋ ಹಸಿರಾಗಿದೆಯೋ ಎಂಬುದಕ್ಕಿಂತ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ವಿಚಾರಿಸಿ. ಲೋಹ ಕೆರೆಗೆ ಸೇರಿದ ಮೇಲೆ ತೆಗೆಯುವುದು ಬಹಳ ಕಷ್ಟ, ಸೇರದಂತೆ ತಡೆಯುವುದು ಸಾಧ್ಯ. ಹೂಳು ತೆಗೆಯುವ ಕಾಲ ಬರುವ ಮುನ್ನವೇ ನಿಮ್ಮ ಕೆರೆಯ ನೀರು ಮತ್ತು ಹೂಳಿನ ಪರೀಕ್ಷೆಯ ಬಗ್ಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.